ಹಾಸಿಗೆ ಇದ್ದಷ್ಟು

ನಿಯಮ ಹದಿನಾಲ್ಕು ಬರೆದವನು ನಾನೇ.
ಕ್ಯೂರಿಂಗ್ ವರ್ಕ್ಸಿನ ಹಳೇ ಲೆಡ್ಜರಿನ ಕೊನೆಯ ಹಾಳೆ,
ನೀಲಿ ಮಸಿ, ಗುಮಾಸ್ತನ ದುಂಡಕ್ಷರ:
'ತಂಡಕ್ಕೆ ಬಂದಷ್ಟೇ ತಂಡದ ಖರ್ಚು.
ಮೀರಿದರೆ ಮೂರು ಅಂಕ ವಜಾ.'
ಸಮಿತಿಯಲ್ಲಿ ಯಾರೋ ಅಂದರು, ಇದು ನಮ್ಮಜ್ಜಿಯ ಮಾತಲ್ಲವೇ,
ಹಾಸಿಗೆ ಇದ್ದಷ್ಟು ಕಾಲು ಚಾಚು.
ಎಲ್ಲರೂ ನಕ್ಕು ಕೈಯೆತ್ತಿದರು.
ಕಾಲ್ಚೆಂಡಿನ ಸಭೆಯಲ್ಲಿ ಕಾಲಿನ ಗಾದೆ!

ಸುಮ್ಮನೆ ಬರೆದದ್ದಲ್ಲ.
ಏಲಕ್ಕಿ ಬೆಲೆ ಬಿದ್ದ ವರ್ಷ
ದಂಟರಮಕ್ಕಿ ತಂಡ ಕೊಂಡಿದ್ದ ಸಾಹುಕಾರ
ಫೋನು ಆರಿಸಿ ಮಾಯವಾದ.
ಘಾನಾದಿಂದ ಕರೆಸಿದ್ದ ಹುಡುಗ ಕ್ವಾಬೆನಾ
ಹನುಮಂತಪ್ಪ ಸರ್ಕಲ್ಲಿನ ಮೆಸ್ಸಿನಲ್ಲಿ
ಎರಡು ತಿಂಗಳ ಊಟದ ಬಾಕಿಗೆ ತಟ್ಟೆ ತೊಳೆಯುತ್ತ ನಿಂತಿದ್ದ.
ಅವನ ಕಾಲಿಗೆ ಶಿಳ್ಳೆ ಹೊಡೆದಿದ್ದ ಊರು
ಸೋಪಿನ ನೊರೆಯಲ್ಲಿ ಅವನ ಕೈ ನೋಡಿ
ಚಿಲ್ಲರೆ ಎಣಿಸಿಕೊಂಡು ಹೊರಗೆ ಬಂತು. ನಾನೂ ಬಂದೆ.
ಅಂದು ರಾತ್ರಿ ಬರೆದೆ.

ಈ ಸಲದ ಲೆಕ್ಕ ಮೇಜಿನ ಮೇಲಿದೆ.

ಪ್ಲಾಂಟರ್ಸ್ ಇಲೆವೆನ್. ದೊರೆಗಳ ಕಾಲದ ಕ್ಲಬ್ಬು,
ಎಂ.ಜಿ. ರಸ್ತೆಗೆ ಮುಖಮಾಡಿದ ಏಳು ಮಳಿಗೆ,
ತಿಂಗಳ ಒಂದಕ್ಕೆ ಬಾಡಿಗೆ ತಾನೇ ನಡೆದು ಬರುತ್ತದೆ.
ಆದಾಯ ಹನ್ನೆರಡು ಲಕ್ಷ, ಖರ್ಚು ಹನ್ನೊಂದೂವರೆ.
ಎಷ್ಟು ಹೊರಳಿದರೂ ನೆಲ ಸಿಗದಷ್ಟು ಅಗಲದ ಹಾಸಿಗೆ.
ಟಿಕ್.

ಉಪ್ಪಳ್ಳಿ ರೋವರ್ಸ್. ಹೋಮ್‌ಸ್ಟೇ ನಿರ್ವಾಣಯ್ಯ ಕೊಂಡದ್ದು.
ಮಾಲೀಕ ದುಡ್ಡು ಸುರಿಯುವಂತಿಲ್ಲ. ಸುರಿಯಲಿಲ್ಲ.
ಆತನ ಹೋಮ್‌ಸ್ಟೇ ಸುರಿಯಿತು:
ಜೆರ್ಸಿಯ ಎದೆ ಮೇಲೊಂದು ಹೆಸರಿಗೆ ಒಂಬತ್ತು ಲಕ್ಷ.
ಆತನ ಜೀಪುಗಳು ಬೆನ್ನಿಗೆ ಎರಡು.
ರಸೀದಿ, ಮೊಹರು, ಜಿಎಸ್‌ಟಿ, ಎಲ್ಲ ಸರಿ.
ಮನೆಗೇ ಬಂದು ಕೇಳಿದ:
'ಪ್ಲಾಂಟರ್ಸ್ ಮಲಗಿರೋದು ಅಜ್ಜ ಹಾಸಿಟ್ಟ ಹಾಸಿಗೆ.
ನನ್ನ ಹುಡುಗರಿಗೆ ನಾನು ಇವತ್ತು ಹೊಲಿದುಕೊಟ್ಟರೆ
ಅದು ಹೇಗೆ ತಪ್ಪು, ರೇಗೋ ಅವರೇ?'
ಉತ್ತರ ಹೊಳೆಯಲಿಲ್ಲ. ಕಾಫಿ ಕೊಟ್ಟೆ.
ಮಾರನೇ ದಿನ ಟಿಕ್ಕನ್ನೂ ಕೊಟ್ಟೆ.

ಗೋದಾಮು ಬಾಯ್ಸ್ ತಂದದ್ದು ಫೈಲಲ್ಲ,
ಅರ್ಧ ಹರಿದ ಶಾಲೆಯ ನೋಟ್‌ಬುಕ್ಕು.
ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವ ಹೆಂಗಸರ ಮಕ್ಕಳು.
(ಮೂವತ್ತೊಂದು ವರ್ಷ ಆ ಹೆಂಗಸರ ಹಾಜರಿ ಬರೆದಿದ್ದೇನೆ;
ಒಡಕು ಬೀಜ ಅವರ ಬೆರಳಿಗೆ ಗೊತ್ತು, ಕಣ್ಣು ಬೇಕಿಲ್ಲ.)
ಆದಾಯ, ಗೇಟಿನಲ್ಲಿ ಕಡಲೆಕಾಯಿ ಮಾರಿದ್ದೂ ಸೇರಿ,
ಹನ್ನೊಂದು ಸಾವಿರದ ನಾನೂರು.
ಖರ್ಚು ಹನ್ನೆರಡು ಸಾವಿರದ ನಲವತ್ತು.
ನಿಂಬೆಹಣ್ಣು. ಗ್ಲೂಕೋಸ್. ಕಡೂರಿಗೆ ಬಸ್ಸು, ಹೋಗಿ ಬರಲು.
ಕೊನೆಗೆ ಪೆನ್ಸಿಲಿನಲ್ಲಿ:
'ಯತೀಶನ ಕಾಲಿನ ಎಕ್ಸ್‌ರೇ 640. ದೇವೀರಮ್ಮ ಕೊಟ್ಟರು.'

ಸಾಲವಾದರೆ ಖರ್ಚು ಮೀರಿತು.
ಕಾಣಿಕೆಯಾದರೆ ರಸೀದಿ ಬೇಕು.
ಕರೆಸಿ ಕೇಳಿದೆ, ಯಾವುದು ಬರೆಯಲಿ?
'ಎರಡೂ ಅಲ್ಲ ಸಾರ್. ಹುಡುಗ ಅಳ್ತಿದ್ದ.'
ಆ ಕಾಲಂ ನನ್ನ ಲೆಡ್ಜರಿನಲ್ಲಿಲ್ಲ.
ಮೂರು ಅಂಕ ವಜಾ.
ಸಹಿ ಚೆನ್ನಾಗಿಯೇ ಬಂತು.

ಒಂದು ಕಾಲಕ್ಕೆ ಗೋಲ್‌ಕೀಪರ್ ನಾನು.
ಪೆನಾಲ್ಟಿಗೆ ಮೈಯೆಲ್ಲ ಒಡ್ಡಿ ಎಡಕ್ಕೆ ಹಾರಿದ್ದೇನೆ,
ಚೆಂಡು ಆರಾಮಾಗಿ ಬಲಕ್ಕೆ ಹೋಗಿದೆ.
ಹಾರಿದ್ದರಲ್ಲಿ ಮೋಸವಿರಲಿಲ್ಲ.
ಗುರುವಾರ ಮತ್ತೆ ಸಭೆ. ಅಳಿಸೋಣವೆಂದರೆ
ಮೆಸ್ಸಿನ ನಲ್ಲಿ ಸದ್ದು ಮಾಡುತ್ತದೆ,
ಉಳಿಸೋಣವೆಂದರೆ ಪೆನ್ಸಿಲಿನ ಆ ಸಾಲು.

ನಿನ್ನೆ ಫೈನಲ್. ಪ್ಲಾಂಟರ್ಸಿಗೂ ರೋವರ್ಸಿಗೂ.
ಮುಳ್ಳಯ್ಯನಗಿರಿ ಕಡೆಯ ಗಾಳಿಗೆ ಕಾರ್ನರ್ ಬಾವುಟ ಪಟಪಟ.
ಗೆರೆಯಾಚೆ, ಕಾಫಿಯ ಖಾಲಿ ಗೋಣಿಚೀಲ ಹಾಸಿಕೊಂಡು
ಯತೀಶ ಕೂತಿದ್ದ, ಬಲಗಾಲಿಗೆ ಬಿಳಿ ಪ್ಲಾಸ್ಟರು.
ಮಡಚಲು ಬಾರದು.
ಚೀಲ ಮುಗಿದ ಮೇಲೂ ಕಾಲು
ಇನ್ನೊಂದು ಗೇಣು, ಹುಲ್ಲಿನ ಮೇಲೆ.